ಗೂಳಿಬೆನ್ನು ಹತ್ತಿಸಿದವರು

ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಚಾರಣದ ವಾಟ್ಸಾಪ್ ಗುಂಪಿನಲ್ಲಿ ಬೆಟ್ಟಗಳೆಲ್ಲ ಒಂದೊಂದಾಗಿ ತಲೆಬಾಗಿದವು. ‘ಶಿಖರವೇ ಕುಸಿಯಿತು’ ಎಂದು ಒಬ್ಬರು ಬರೆದರು. ‘ಗೂಳಿಬೆನ್ನು ಇಂದು ಅನಾಥ’ ಎಂದು ಇನ್ನೊಬ್ಬರು. ಗೂಳಿಬೆನ್ನು ಎನ್ನುವುದು ಮೂಡಿಗೆರೆ ಸೀಮೆಗೂ ಕಳಸದ ಸೀಮೆಗೂ ನಡುವೆ ಅಡ್ಡ ಮಲಗಿರುವ ಹುಲ್ಲಿನ ಬೆಟ್ಟ. ಅವರು ಹುಟ್ಟುವ ಮೊದಲೂ ಅದು ಅಲ್ಲೇ ಇತ್ತು. ಮಾರನೆಯ ದಿನ ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ, ಅನಾಥವಾದ ಲಕ್ಷಣವೇನೂ ಕಾಣಲಿಲ್ಲ.

ಸಂಜೆ ಗುಂಪಿನ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿದರು. ಮೂಡಿಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವವರು, ಎಲ್ಲರ ಬಾಯಲ್ಲೂ ‘ಮೆಡಿಕಲ್ ಅಣ್ಣ’.

“ಮೇಡಂ, ಸರ್ ನೆನಪಿಗೆ ಒಂದು ಸಣ್ಣ ಪುಸ್ತಕ ತರೋಣ ಅಂತ. ನೀವು ಅವರ ಮನೇಲೇ ಬಾಡಿಗೆಗಿದ್ದೋರು, ಕನ್ನಡನೂ ನೀಟು. ಒಳ್ಳೇದು ನಾಲ್ಕು ಮಾತು ಬರ್ಕೊಡಿ.”

“ನಾಲ್ಕು ಸಿಗೋದು ಕಷ್ಟ” ಎಂದೆ.

ದುಃಖದಿಂದ ಹೇಳಿದೆನೆಂದು ತಿಳಿದರೋ, ಅರ್ಥವಾಗಿಯೇ ನುಂಗಿಕೊಂಡರೋ, ಗೊತ್ತಾಗಲಿಲ್ಲ. “ಎರಡು ಬರೀರಿ ಮಾರಾಯ್ರೆ. ಉಳಿದ ಜಾಗಕ್ಕೆ ಫೋಟೋ ಹಾಕ್ತೀವಿ” ಎಂದರು.

ಹಾಗಾದರೆ ಆ ಎರಡನ್ನು ಮೊದಲೇ ಬರೆದು ಮುಗಿಸುತ್ತೇನೆ. ಹೊರಡುತ್ತೇನೆಂದ ಹೊತ್ತಿಗೆ ಹೊರಡುತ್ತಿದ್ದರು. ಬೆಟ್ಟದ ಮೇಲೆ ಒಂದು ಬಿಸ್ಕತ್ತಿನ ಕಾಗದವನ್ನೂ ಬಿಸಾಡಲು ಯಾರನ್ನೂ ಬಿಡುತ್ತಿರಲಿಲ್ಲ. ಇನ್ನು ಮುಂದಿನದು ಆ ಪುಸ್ತಕಕ್ಕಲ್ಲ.

ಅವರು ವಿಮಾ ಕಂಪನಿಯಲ್ಲಿ ಡೆವಲಪ್‌ಮೆಂಟ್ ಆಫೀಸರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ಬೆಟ್ಟ ಹತ್ತುವ ಹವ್ಯಾಸ ಹಿಡಿಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗನ್ನಿಸುವ ಮಟ್ಟಿಗೆ ಅವರು ನಿವೃತ್ತರಾಗಲೇ ಇಲ್ಲ, ಏಜೆಂಟರನ್ನು ಅಟ್ಟುವ ಕೆಲಸವನ್ನು ಆಫೀಸಿನಿಂದ ಗುಡ್ಡಕ್ಕೆ ಸಾಗಿಸಿದರು, ಅಷ್ಟೆ. ಅವರ ಬಾಯಲ್ಲಿ ಶಿಖರಕ್ಕೆ ಶಿಖರವೆಂಬ ಹೆಸರಿರಲಿಲ್ಲ. ಅದು ‘ಟಾರ್ಗೆಟ್’. “ಇವತ್ತು ಹತ್ತೂವರೆಗೆ ಟಾರ್ಗೆಟ್ ಮುಟ್ಟಬೇಕು” ಎಂದು ಜೀಪಿನಿಂದ ಇಳಿಯುವ ಮೊದಲೇ ಘೋಷಣೆ. ನಡುವೆ ಸುಸ್ತಾಗಿ ಕೂತವರಿಗೆ ಇನ್ನೊಂದು ಹೆಸರು: ‘ಲ್ಯಾಪ್ಸ್’. ಕಂತು ಕಟ್ಟದೆ ಬಿಟ್ಟ ಪಾಲಿಸಿಯಂತೆ ಮನುಷ್ಯರೂ ಲ್ಯಾಪ್ಸ್ ಆಗುತ್ತಿದ್ದರು. ಕಾಡು ಮುಗಿದು ಹುಲ್ಲು ಶುರುವಾಗುವ ಕಡೆ ಒಂದು ದೊಡ್ಡ ನೇರಳೆ ಮರವಿದೆ. ಲ್ಯಾಪ್ಸ್ ಆದವರು ಅದರ ಬುಡದಲ್ಲಿ ಕೂತು, ಟಾರ್ಗೆಟ್ ಮುಟ್ಟಿದವರು ಇಳಿದು ಬರುವವರೆಗೆ ರಕ್ತ ಹೀರಲು ಕಾಲಿಗೆ ಹತ್ತಿದ ಇಂಬಳ ಕೀಳುತ್ತಿರಬೇಕು.

ಇಂಬಳಕ್ಕೂ ಅವರ ಬಳಿ ಮದ್ದಿತ್ತು. ನಶ್ಯ, ಸುಣ್ಣ, ಇನ್ನೇನೋ ಎಣ್ಣೆ ಸೇರಿಸಿದ ಒಂದು ಬಾಟಲಿ. ಅದರ ಗುಣಗಾನವನ್ನು ದಾರಿಯುದ್ದಕ್ಕೂ ಮಾಡುತ್ತಿದ್ದರು, ಹಚ್ಚಿಕೊಳ್ಳುತ್ತಿದ್ದುದು ಮಾತ್ರ ತಮ್ಮ ಕಾಲಿಗೆ. ಒಮ್ಮೆ ಮೆಡಿಕಲ್ ಅಣ್ಣ ಕೈಚಾಚಿ, “ಸಾರ್, ನಮ್ಮ ರಕ್ತವೂ ಕೆಂಪೇ, ಒಂದು ಹನಿ ಕೊಡಿ” ಎಂದರು. “ಕಷ್ಟ ಅಭ್ಯಾಸ ಆಗ್ಲಿ, ಆಮೇಲೆ ಕೊಡ್ತೀನಿ” ಎಂದು ಮುಚ್ಚಳ ತಿರುಗಿಸಿ ಜೇಬಿಗೆ ಹಾಕಿಕೊಂಡರು. ಇಂಥದ್ದನ್ನು ಜನ ‘ಶಿಸ್ತು’ ಎಂದು ಕರೆಯುತ್ತಿದ್ದರು. ಜಿಪುಣತನಕ್ಕೆ ಇಸ್ತ್ರಿ ಮಾಡಿದ ಪ್ಯಾಂಟು ತೊಡಿಸಿದರೆ ನಮ್ಮೂರಲ್ಲಿ ಅದು ಶಿಸ್ತೇ ಆಗಿಬಿಡುತ್ತದೆ.

ತುದಿಯಲ್ಲಿ ಅವರ ನಡವಳಿಕೆ ಇನ್ನೂ ವಿಚಿತ್ರ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತಾವು ಎದುರು ನಿಂತು ಭಾಷಣ: ಗುರಿ, ಛಲ, ಯುವಜನತೆ. ನಂತರ ಫೋಟೋ. ಕೇಳುವವರ ಬೆನ್ನು ಯಾವಾಗಲೂ ಕಣಿವೆಯ ಕಡೆಗೆ, ಏಕೆಂದರೆ ಫೋಟೋದಲ್ಲಿ ಕಣಿವೆ ಹಿಂದೆ ಬರಬೇಕು. ಯಾರಾದರೂ ತಿರುಗಿದರೆ, “ವ್ಯೂ ಎಲ್ಲೂ ಓಡಿಹೋಗಲ್ಲ, ಇಲ್ಲಿ ನೋಡಿ” ಎನ್ನುತ್ತಿದ್ದರು. ಫೋಟೋ ಮುಗಿದ ಕೂಡಲೇ ಇಳಿಯುವ ಅಪ್ಪಣೆ. ಅವರದೇ ಕಣ್ಣು ಕ್ಯಾಮೆರಾದ ಮೇಲೆ, ಗಡಿಯಾರದ ಮೇಲೆ, ನಮ್ಮ ಸಾಲು ನೆಟ್ಟಗಿದೆಯೇ ಎಂಬುದರ ಮೇಲೆ. ಆ ಬೆಟ್ಟವನ್ನು ಅಷ್ಟು ಸಲ ಹತ್ತಿ ಅಷ್ಟು ಕಡಿಮೆ ನೋಡಿದ ಇನ್ನೊಬ್ಬ ಮನುಷ್ಯ ಇರಲಾರ.

ಇಷ್ಟಾಗಿದ್ದರೆ ನಗೆಯಾಡಿ ಮರೆಯಬಹುದಿತ್ತು. ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದುದರಿಂದ ಕೆಳಗಿನ ಅಡುಗೆಮನೆಯ ಮಾತು ನನಗೆ ಕೇಳುತ್ತಿತ್ತು.

ಅವರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಬೆಟ್ಟದ ಭಾನುವಾರಗಳಲ್ಲಿ ನಸುಕಿಗೇ ಎದ್ದು ಇಡೀ ಗುಂಪಿಗೆ ಅಕ್ಕಿರೊಟ್ಟಿ, ಕಾಯಿಚಟ್ನಿ ಮಾಡಿ ಬಾಳೆಲೆಯಲ್ಲಿ ಕಟ್ಟಿ ಕಳಿಸುತ್ತಿದ್ದವರು ಅವರು. ಅವರ ತವರು ಗೂಳಿಬೆನ್ನಿನ ಆಚೆ ಮಗ್ಗುಲಲ್ಲಿ, ಕಳಸದಿಂದ ಹೊರನಾಡಿಗೆ ಹೋಗುವ ಕಡೆ ಒಂದು ಸಣ್ಣ ಊರು. ಬಸ್ಸಿನಲ್ಲಿ ಹೋದರೆ ಒಂದು ಬೆಳಿಗ್ಗೆಯ ದಾರಿ. ಆದರೆ ಅವರು ಅಲ್ಲಿಗೆ ಹೋಗಿ ವರ್ಷಗಳಾಗಿದ್ದವು. ಅಣ್ಣನ ಮಗಳ ಮದುವೆಯಲ್ಲಿ ಮನೆಯ ಅಳಿಯನಾದ ಇವರನ್ನು ಮೊದಲನೇ ಪಂಕ್ತಿಯ ಊಟಕ್ಕೆ ಕರೆಯಲು ಯಾರೋ ಮರೆತರು. ಇವರು ಎರಡನೇ ಪಂಕ್ತಿಗೆ ಕೂರದೆ, ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟು ಬಂದರು. “ಆ ಹೊಸ್ತಿಲು ಇನ್ನು ನಮಗಿಲ್ಲ” ಎಂದರು. ‘ನಮಗೆ’ ಎಂದದ್ದು ಅವರೊಬ್ಬರೇ. ಆ ಕಡೆಯವರೂ ಹಟದವರು. ಫೋನೂ ನಿಂತುಹೋಯಿತು.

ಒಂದೆಲೆ ಅನ್ನಕ್ಕಾಗಿ ಒಬ್ಬ ಹೆಂಗಸಿನ ಊರನ್ನೇ ಕಿತ್ತುಕೊಂಡವರು ವೇದಿಕೆ ಹತ್ತಿ ‘ವಿಶಾಲ ಮನಸ್ಸು ಬೆಟ್ಟದಿಂದ ಕಲಿಯಬೇಕು’ ಎನ್ನುವುದನ್ನು ನಾನು ಕೇಳಿದ್ದೇನೆ, ಮೊದಲ ಸಾಲಿನಲ್ಲೇ ಕೂತು.

ಗೂಳಿಬೆನ್ನಿನ ತುದಿಯಿಂದ ತಮ್ಮ ಊರು ಕಾಣುತ್ತದೆ ಎಂದು ಆಂಟಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಊರಿನ ದನಗಳು ಅತ್ತ ಕಡೆಯಿಂದ ಆ ಹುಲ್ಲಿಗೇ ಹತ್ತುತ್ತಿದ್ದವಂತೆ. ಅದಕ್ಕೇ ಪ್ರತಿ ಭಾನುವಾರ ಸಂಜೆ, ಗಂಡ ಬೂಟು ಬಿಚ್ಚುವಾಗ ಒಂದೇ ಪ್ರಶ್ನೆ:

“ನಮ್ಮೂರು ಕಾಣ್ತಾ?”

“ಮಂಜು.”

ಚೈತ್ರದ ಸುಡುಬಿಸಿಲಲ್ಲೂ ಅದೇ ಉತ್ತರ. ಆಕಾಶ ತೊಳೆದಿಟ್ಟಂತಿದ್ದ ಒಂದು ದಿನ ನಾನೂ ಅವರ ಜೊತೆ ಹತ್ತಿ ಬಂದಿದ್ದೆ. ಆವತ್ತೂ “ಮಂಜು” ಎಂದೇ ಹೇಳಿದರು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ತುಂಬಾ ದಿನ ಅಂದುಕೊಂಡಿದ್ದೆ. ಅದು ಅವರಿಗೆ ಮಾಡಿದ ಮರ್ಯಾದೆಯಾಯಿತು. ಸುಳ್ಳು ಹೇಳಬೇಕಾದರೂ ಒಮ್ಮೆ ಆ ಕಡೆ ತಿರುಗಿ ನೋಡಿರಬೇಕಾಗುತ್ತದೆ.

“ನಾನೇ ಒಂದ್ಸಲ ಬರ್ತೀನಿ” ಎಂದು ಆಂಟಿ ಆಗಾಗ ಕೇಳುತ್ತಿದ್ದರು. “ನಿನ್ನ ಮಂಡಿಗೆ ಆಗಲ್ಲ” ಎನ್ನುತ್ತಿದ್ದರು ಇವರು. ಎರಡು ಸಲ ಹಟ ಹಿಡಿದು ಹೋದರಂತೆ. ಎರಡು ಸಲವೂ ನೇರಳೆ ಮರದ ಹತ್ತಿರ ಲ್ಯಾಪ್ಸ್ ಮಾಡಿ, ಬುತ್ತಿಯ ಚೀಲದ ಕಾವಲಿಗೆ ಕೂರಿಸಿದರಂತೆ. ಆಮೇಲೆ ರೊಟ್ಟಿ ಮಾಡುವ ಬೆಳಗಿನ ಜಾವಗಳಷ್ಟೇ ಆಂಟಿಯ ಪಾಲಿಗೆ ಉಳಿದವು.

ಈಗ ಗುಂಪಿನಲ್ಲಿ ಓಡಾಡುತ್ತಿರುವ ಕತೆಯೊಂದಿದೆ. ಮಂಜಿನಲ್ಲಿ ದಾರಿ ತಪ್ಪಿದ ಮಡದಿಯನ್ನು ಸರ್ ತಾವೇ ಹುಡುಕಿ, ಧೈರ್ಯ ತುಂಬಿ, ಶಿಖರ ತೋರಿಸಿದರು ಎಂದು. ಪುಸ್ತಕದಲ್ಲೂ ಅದು ಬರುತ್ತದಂತೆ. ನಾನು ಆವತ್ತು ಅಲ್ಲಿದ್ದೆ. ನಡೆದದ್ದು ಹೀಗೆ.

ಮಳೆಗಾಲ ಹಿಂದೆ ಸರಿಯುತ್ತಿದ್ದ ಒಂದು ಭಾನುವಾರ. ಆಂಟಿ ಈ ಸಲ ಕೇಳಲಿಲ್ಲ. ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗಿಂತ ಮೊದಲೇ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಗುಂಪಿನವರೆದುರು ಇಳಿಸುವುದು ಚೆನ್ನಾಗಿರುವುದಿಲ್ಲವೆಂದು ಸರ್ ಸುಮ್ಮನಾದರು. ಬೆಟ್ಟದ ಬುಡದ ಗೇಟಿನ ಹತ್ತಿರ ಜೀಪು ನಿಲ್ಲಿಸಿ ಸಾಲು ಮಾಡಿಸುವಾಗ ಆಂಟಿಯನ್ನು ಕೊನೆಯಲ್ಲಿ ನಿಲ್ಲಿಸಿದರು.

ಮಲೆನಾಡಿನಲ್ಲಿ ಕಾಡಿಗೋ ಗುಡ್ಡಕ್ಕೋ ಸಾಲಾಗಿ ಹೋಗುವಾಗ ಒಂದು ಪದ್ಧತಿಯಿದೆ. ಮುಂದಿನವರು ‘ಕೂ’ ಎಂದು ಕೂಗು ಹಾಕಬೇಕು, ಕೊನೆಯವರು ‘ಕೂ’ ಎಂದು ಓಗೊಡಬೇಕು. ಕಾಡಿನಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. ಓಗೊಡುವ ದನಿ ಬರುವವರೆಗೆ ಮುಂದಿನವರ ಹೆಜ್ಜೆ ಏಳುವಂತಿಲ್ಲ. ಸರ್ ಇದನ್ನು ನಮ್ಮ ಗುಂಪಿನಲ್ಲಿ ನಿಷೇಧಿಸಿದ್ದರು.

“ನಾವೇನು ದನ ಕಾಯೋರಾ, ನರಿ ಥರ ಕೂಗೋಕೆ? ಸಿಳ್ಳೆ ಹಾಕ್ರಿ. ನಾನೊಂದು ಹಾಕ್ತೀನಿ, ಕೊನೆಯವರೊಂದು ಹಾಕಿ. ಡಿಸೆಂಟಾಗಿರುತ್ತೆ.”

ಆವತ್ತೂ ಅದನ್ನೇ ಹೇಳಿ, ಯಾರಿಗೆ ಅರ್ಥವಾಯಿತು ಯಾರಿಗಿಲ್ಲ ಎಂದು ನೋಡದೆ ಮುಂದಕ್ಕೆ ನಡೆದರು.

ನೇರಳೆ ಮರ ದಾಟಿ ಹುಲ್ಲಿಗೆ ಬಂದಾಗ ಆಂಟಿ ನಮಗಿಂತ ಒಂದಿಷ್ಟು ಹಿಂದೆ, ಆದರೆ ನಿಲ್ಲದೆ ಬರುತ್ತಿದ್ದರು. ಮಂಡಿಯ ಮೇಲೆ ಕೈಯೂರಿ ಒಂದೊಂದೇ ಹೆಜ್ಜೆ. ನಾನು ಹಿಂದೆ ಹೋಗಿ ಚೀಲ ಕೇಳಿದೆ. “ಬೇಡ ಕಣೇ, ಭಾರ ಇದ್ರೆ ಕಾಲು ಗಟ್ಟಿಯಾಗಿ ಊರುತ್ತೆ. ನೀನು ನಡಿ. ಇಲ್ದಿದ್ರೆ ನಿನ್ನನ್ನೂ ಲ್ಯಾಪ್ಸ್ ಮಾಡ್ತಾರೆ” ಎಂದು ನಕ್ಕರು.

ಆಮೇಲೆ ಕಳಸದ ಕಡೆಯಿಂದ ಮಂಜು ಬೆಟ್ಟದ ಬೆನ್ನು ಹತ್ತಿ ನಮ್ಮ ಮೇಲೆ ಇಳಿಯಿತು. ಮುಂದಿದ್ದವರ ಚೀಲದ ಬಣ್ಣ ಮೊದಲು ಮಾಸಿತು, ನಂತರ ಆಳೇ ಮಾಸಿತು. ಕೈಗೆ ಸಿಕ್ಕವರನ್ನು ಹಿಡಿದುಕೊಂಡು ಗುಂಪಾದೆವು. ಆಂಟಿ ಅದರಲ್ಲಿರಲಿಲ್ಲ.

“ಸರ್, ಆಂಟಿ ಬಂದಿಲ್ಲ” ಎಂದೆ.

ಅವರು ತುಟಿ ಚೂಪು ಮಾಡಿ ಉದ್ದನೆಯದೊಂದು ಸಿಳ್ಳೆ ಹಾಕಿದರು. ಕೆಳಗಿನ ಕಾಡಿನ ಅಂಚಿನಿಂದ ಸ್ಪಷ್ಟವಾಗಿ ಒಂದು ಸಿಳ್ಳೆ ವಾಪಸು ಬಂತು.

“ಕೇಳಿಸ್ತಲ್ಲ? ಬರ್ತಿದಾಳೆ. ನಡೀರಿ, ಟೈಮಿಲ್ಲ.”

ನಾನು ಅಲ್ಲೇ ನಿಂತೆ. ಒಬ್ಬಳೇ ಆ ಬಿಳುಪಿನಲ್ಲಿ ಇಳಿದರೆ ಹುಡುಕಬೇಕಾದವರು ಇಬ್ಬರಾಗುತ್ತಾರೆ ಎಂದು ಮೆಡಿಕಲ್ ಅಣ್ಣ ತೋಳು ಹಿಡಿದರು. ತುದಿ ಹತ್ತಿರವೇ ಇತ್ತು. ತಲುಪಿದೆವು. ಮೂಗಿನ ಮುಂದೆ ಏನೂ ಕಾಣುತ್ತಿರಲಿಲ್ಲ. ಆದರೂ ಸಾಲು, ಆದರೂ ಗುರಿ, ಛಲ, ಯುವಜನತೆ. ಆದರೂ ಫೋಟೋ. ಆ ಫೋಟೋ ಈಗಲೂ ಗುಂಪಿನಲ್ಲಿದೆ. ಹಿಂದೆ ಬರೀ ಬಿಳಿ, ಎಲ್ಲರೂ ಪಾಸ್‌ಪೋರ್ಟಿಗೆ ನಿಂತಂತಿದ್ದೇವೆ. ನಡುನಡುವೆ ಅವರು ಸಿಳ್ಳೆ ಹಾಕುತ್ತಿದ್ದರು, ಕೆಳಗಿನಿಂದ ಉತ್ತರ ಬರುತ್ತಿತ್ತು. ಒಂದು ಉತ್ತರ ಮಾತ್ರ ನಿಲ್ಲದೆ ಏರಿ, ಇಳಿದು, ಹಾಡಿನಂತೆ ಎಲ್ಲೋ ತಿರುಗಿಕೊಂಡು ಹೋಯಿತು.

“ಆಂಟಿ ಒಳ್ಳೆ ಮೂಡಲ್ಲಿದಾರೆ” ಎಂದು ಯಾರೋ ನಕ್ಕರು.

ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ನಮ್ಮ ಕಡೆ ಹಳ್ಳದ ಬದಿ, ಕಾಡಿನ ನೆರಳಲ್ಲಿ ಸಿಳ್ಳೆ ಹಾಕುವ ಒಂದು ಹಕ್ಕಿಯಿದೆ. ಕಪ್ಪು ಮೈ, ಭುಜದಲ್ಲಿ ನೀಲಿ ಮಿಂಚು. ಕಾಣದೆ ಕೇಳಿದರೆ ಕೆಲಸವಿಲ್ಲದ ಹುಡುಗನೊಬ್ಬ ಸಿಳ್ಳೆ ಹಾಕಿಕೊಂಡು ಹೋದಂತೆಯೇ. ಇಲ್ಲಿ ಹುಟ್ಟಿದವರಿಗೆಲ್ಲ ಅದರ ಪರಿಚಯವಿದೆ, ಅವರಿಗೂ ಇತ್ತು. ಆದರೆ ಅವರು ಉತ್ತರವನ್ನು ಕೇಳಿಸಿಕೊಳ್ಳುವ ಪೈಕಿಯಲ್ಲ. ಉತ್ತರ ಬಂತೆಂದು ಗುರುತು ಹಾಕಿಕೊಳ್ಳುವ ಪೈಕಿ.

“ಅದು ಹಕ್ಕಿ ಸರ್” ಎಂದೆ.

“ನಿಮ್ಮ ಪಿಎಚ್‌ಡಿ ಹಕ್ಕಿ ಮೇಲಾ?” ಎಂದರು. ಕೆಲವರು ನಕ್ಕರು.

ಇಳಿಯುವಾಗ ಮಂಜು ತೆಳ್ಳಗಾಗುತ್ತಿತ್ತು. ನೇರಳೆ ಮರಕ್ಕೂ ತುದಿಗೂ ನಡುವೆ ಒಂದು ಚಪ್ಪಟೆ ಬಂಡೆಯ ಮೇಲೆ ಆಂಟಿ ಕೂತಿದ್ದರು. ಮಂಜು ಕವಿದರೆ ಇದ್ದಲ್ಲೇ ಕೂರಬೇಕೆಂದು ದನ ಮೇಯಿಸಿದ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಸೀರೆಯ ಅಂಚೆಲ್ಲ ಒದ್ದೆ. ಬುತ್ತಿ ಬಿಚ್ಚಿ ಒಂದು ರೊಟ್ಟಿ ತಿನ್ನುತ್ತಿದ್ದರು.

“ಸಿಳ್ಳೆ ಹಾಕ್ತಾನೇ ಇದ್ದೆ, ಬರೋಕೇನಾಗಿತ್ತು ನಿಂಗೆ?” ಎಂದರು ಸರ್.

“ನಾನು ಕೂ ಹಾಕ್ದೆ. ಗಂಟಲು ಹರಿಯೋ ಹಂಗೆ ಹಾಕ್ದೆ. ನೀವು ಯಾರೂ ಓಗೊಡಲಿಲ್ಲ.”

ಗಾಳಿ ನಮ್ಮ ಕಡೆಯಿಂದ ಕೆಳಗೆ ಬೀಸುತ್ತಿತ್ತು. ಹಕ್ಕಿಯ ಚೂಪು ಸಿಳ್ಳೆ ಅದನ್ನು ಸೀಳಿ ಬಂದಿತ್ತು, ಅವರ ದನಿ ಬಂದಿರಲೇ ಇಲ್ಲ.

“ಕೂ ಯಾಕೆ? ಸಿಳ್ಳೆ ಅಂತ ಹೇಳಿರ್ಲಿಲ್ವಾ? ನೀನೇ ಉತ್ತರ ಕೊಟ್ಟೆಯಲ್ಲ!”

ಆಂಟಿ ಕೈಯಲ್ಲಿದ್ದ ರೊಟ್ಟಿಯನ್ನು ಎಲೆಯ ಮೇಲಿಟ್ಟರು. “ನಂಗೆ ಸಿಳ್ಳೆ ಹಾಕೋಕೆ ಬರಲ್ಲ” ಎಂದರು. “ಮದುವೆಯಾಗಿ ಇಷ್ಟು ವರ್ಷ ಆಯ್ತು. ಅಷ್ಟೂ ಗೊತ್ತಿಲ್ವಾ ನಿಮಗೆ?”

ಆ ಹೊತ್ತಿಗೇ ಕಾಡಿನಂಚಿನಿಂದ ಆ ಹಕ್ಕಿ ಇನ್ನೊಮ್ಮೆ, ಏರಿಸಿ, ಇಳಿಸಿ, ಸಿಳ್ಳೆ ಹೊಡೆಯಿತು.

“ಸಾರ್, ಮತ್ತೆ ಉತ್ತರ ಬಂತು ಮಾರಾಯ್ರೆ!” ಎಂದರು ಮೆಡಿಕಲ್ ಅಣ್ಣ. ನಗು ತಡೆದದ್ದು ಒಡೆಯಿತು. ಸರ್ ಮುಖ ಕೆಂಪಾಯಿತು. ಆಗಲಾದರೂ ಒಂದು ಮಾತು, ಒಂದು ಅರೆ ಮಾತು ಹೇಳಬಹುದಿತ್ತು. ಅವರು ಕಣಿವೆಯ ಕಡೆ ಗಂಭೀರವಾಗಿ ನೋಡಿ, “ಅದು ಎಕೋ” ಎಂದರು.

ಇಷ್ಟರಲ್ಲಿ ಮಂಜು ಪೂರ್ತಿ ಎದ್ದು, ತುದಿ ಬಿಸಿಲಿಗೆ ಹಸಿರಾಗಿ ಕಂಡಿತು. ಹತ್ತಿರವೇ ಇತ್ತು. ಆಂಟಿ ಎದ್ದು ನಿಂತರು.

“ಈಗ ಕಾಣುತ್ತಲ್ವಾ? ಹೋಗಿ ಬಂದ್ಬಿಡ್ತೀನಿ.”

“ಟಾರ್ಗೆಟ್ ಮುಗೀತು. ನೀನು ಲ್ಯಾಪ್ಸು. ಊಟ ಬಡಿಸು, ಎಲ್ರೂ ಹಸಿದಿದಾರೆ.”

“ಒಂದೇ ಒಂದು ಗಳಿಗೆ.”

“ನಿನ್ನ ಅಣ್ಣಂದಿರ ಮನೆ ನೋಡೋಕೆ ಇಷ್ಟು ಜನ ಕಾಯ್ಬೇಕಾ?”

ಆ ಒಂದು ಮಾತಿಗಾಗಿ ನಾನು ಅವರನ್ನು ಕ್ಷಮಿಸಿಲ್ಲ, ಸತ್ತ ಮೇಲೂ. ಅಲ್ಲಿಯವರೆಗೆ ಅವರು ದಡ್ಡರು, ಜಂಬಗಾರರು, ಕಿವುಡರು ಎಂದುಕೊಂಡಿದ್ದೆ. ಆಂಟಿ ಏಕೆ ಹತ್ತಬೇಕೆನ್ನುತ್ತಿದ್ದರು ಎಂಬುದು ಅವರಿಗೆ ಮೊದಲಿನಿಂದಲೂ ತಿಳಿದಿತ್ತು. ತಿಳಿದೇ ಎರಡು ಸಲ ಮರದ ಬುಡದಲ್ಲಿ ಕೂರಿಸಿದ್ದರು. ಪಂಕ್ತಿಯ ಊಟದ ಬಾಕಿಯನ್ನು ಅವರು ಕಣ್ಣಳತೆಯ ದೂರದಲ್ಲೂ ವಸೂಲು ಮಾಡುತ್ತಿದ್ದರು.

ಆಂಟಿ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಚೀಲವನ್ನು ಅವರ ಕಾಲ ಬಳಿ ಇಟ್ಟರು. “ರೊಟ್ಟಿ ಮೇಲ್ಗಡೆ ಇದೆ, ಚಟ್ನಿ ಕೆಳಗಡೆ. ಬಡಿಸೋಕೆ ಬರುತ್ತಲ್ಲ?” ಎಂದು ಹೇಳಿ, ತಿರುಗಿ ಮೇಲಕ್ಕೆ ನಡೆದರು. ನಾನು ಹಿಂದೆ ಹೋದೆ. ಯಾರನ್ನೂ ಕೇಳಲಿಲ್ಲ.

“ಏಯ್! ನಾವು ಇಳಿದು ಹೊರಡ್ತೀವಿ! ಕಾಯಲ್ಲ!” ಎಂದು ಕೆಳಗಿನಿಂದ ಕೂಗಿದರು. ಹೆಸರು ಹಿಡಿದೂ ಕೂಗಿದರು. ಆಂಟಿ ಓಗೊಡಲಿಲ್ಲ.

ನಿಧಾನವಾಗಿಯೇ ಹತ್ತಿದೆವು. ಎರಡು ಕಡೆ ಕೂತು ಎದ್ದೆವು. ತುದಿಗೆ ಬಂದಾಗ ಆಂಟಿ ಸೊಂಟದಿಂದ ಸೆರಗು ಬಿಡಿಸಿ, ಮುಖ ಒರೆಸಿಕೊಂಡು, ಯಾರ ಮನೆಗೋ ಹೋದವರಂತೆ ಸರಿಮಾಡಿಕೊಂಡರು. ಆಮೇಲೆ ಆಚೆ ಮಗ್ಗುಲಿಗೆ ನಿಂತರು. ಕೆಳಗೆ ಕಾಫಿ ತೋಟಗಳ ಕಪ್ಪು ಹಸಿರು, ಅದರ ನಡುವೆ ಗದ್ದೆಗಳ ಎಳೆ ಹಸಿರಿನ ತುಂಡುಗಳು, ಒಂದು ಹಳ್ಳ ಬಿಸಿಲಿಗೆ ಮಿನುಗಿ ಮರೆಯಾಗುತ್ತಿತ್ತು. ಅವರ ಬೆರಳು ಗಾಳಿಯಲ್ಲಿ ಹಳ್ಳವನ್ನು ಹಿಡಿದು ಮೇಲಕ್ಕೆ ಹೋಗಿ, ಒಂದು ಗದ್ದೆ ದಾಟಿ, ಒಂದು ಕಡೆ ನಿಂತಿತು.

“ಕಾಣ್ತಾ ಆಂಟಿ?”

“ಹೂಂ.” ತುಂಬಾ ಹೊತ್ತಿನ ನಂತರ, “ಹೆಂಚು ತೆಗ್ದು ನೀಲಿ ಶೀಟು ಹಾಕ್ಸಿದಾರೆ ನೋಡು” ಎಂದರು. “ಹಿಂದ್ಗಡೆ ಇನ್ನೊಂದು ಕೋಣೆನೂ ಎಳೆದಿದಾರೆ. ನಂಗ್ಯಾರೂ ಹೇಳ್ಲೇ ಇಲ್ಲ.”

ಅಷ್ಟರಲ್ಲಿ ಈಚೆ ಮಗ್ಗುಲಿನ ತಳದಿಂದ, ಗೇಟಿನ ಹತ್ತಿರದಿಂದ, ಜೀಪಿನ ಹಾರ್ನ್ ಕೇಳಿಸಿತು. ಉದ್ದಕ್ಕೆ ಒಂದು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಬಿಡದೆ ಹೊಡೆಯತೊಡಗಿದರು.

“ಸರ್ ಕರೀತಿದಾರೆ” ಎಂದೆ.

“ಹೊಡೀಲಿ ಬಿಡು, ಬ್ಯಾಟ್ರಿ ಇಳಿಯೋ ತನಕ” ಎಂದು ಆಂಟಿ ಹುಲ್ಲಿನ ಮೇಲೆ ಕೂತು, ಮಂಡಿ ನೀವಿಕೊಂಡು, ಆ ನೀಲಿ ಶೀಟಿನ ಕಡೆಗೆ ಎರಡೂ ಕಾಲು ಚಾಚಿದರು.